ಎರಡು ಮುಟ್ಟಿನ ನಡುವಿನ ದಿನಗಳು

ಒಂದು ಮುಟ್ಟಿನಿಂದ ಇನ್ನೊಂದು ಮುಟ್ಟಿನವರೆಗಿನ ದಿನಗಳಲ್ಲಿ ಹೆಣ್ಣು ಬಸಿರಾಗುವ ಸಾಧ್ಯತೆ ಯಾವಾಗ ಹೆಚ್ಚು? ಮುಟ್ಟಿಗೆ ಮುಂಚೆಯೋ, ಮುಟ್ಟಾಗಿರುವಾಗಲೋ, ಮುಟ್ಟು ನಿಂತ ಕೂಡಲೆಯೋ, ಎರಡು ಮುಟ್ಟಿನ ನಟ್ಟನಡುವೆಯೋ? ಜಗತ್ತಿನ ಹತ್ತಾರು ದೇಶಗಳಲ್ಲಿ ನಡೆಯುವ ಜನಸಂಖ್ಯೆ ಮತ್ತು ಆರೋಗ್ಯ ಸಮೀಕ್ಷೆಗಳು ದಶಕಗಳಿಂದ ಹೆಂಗಸರ ಮುಂದೆ ಈ ಪ್ರಶ್ನೆ ಇಡುತ್ತ ಬಂದಿವೆ. ನಡುವಿನ ದಿನಗಳು ಎಂಬುದು ಸರಿಯುತ್ತರ. ಹೆಚ್ಚಿನ ದೇಶಗಳಲ್ಲಿ ಅದನ್ನು ಹೇಳಿದವರು ಅರ್ಧಕ್ಕಿಂತ ಕಡಿಮೆ. ತಪ್ಪಿದವರಲ್ಲಿ ಬಹಳ ಮಂದಿ ‘ಮುಟ್ಟು ನಿಂತ ಕೂಡಲೆ’ ಎನ್ನುತ್ತಾರೆ. ಮಕ್ಕಳನ್ನು ಹಡೆದವರಿಗೇ ತಿಳಿಯದ್ದನ್ನು ಎಂಟನೆಯ, ಒಂಬತ್ತನೆಯ ಇಯತ್ತೆಯ ಹುಡುಗಿಗೆ ಯಾರು ಹೇಳಿಕೊಡಬೇಕು?

ಆ ಹುಡುಗಿಯನ್ನು ಬೋರಗಾಂವದಲ್ಲಿ ನಿಲ್ಲಿಸಿ ನೋಡೋಣ. ಬೋರಗಾಂವ ಮೊದಲು ಚಿಕ್ಕೋಡಿ ತಾಲೂಕಿನಲ್ಲಿತ್ತು, ಈಗ ನಿಪ್ಪಾಣಿಯಲ್ಲಿದೆ. ಸುತ್ತಲೂ ಸದಲಗಾ, ಬೇಡಕಿಹಾಳ, ಮಾಣಕಾಪುರ, ಭೋಜ. ಗಡಿ ದಾಟಿದರೆ ಮಗ್ಗಗಳ ಊರು ಇಚಲಕರಂಜಿ. ಒಂದೇ ಓಣಿಯಲ್ಲಿ ಕನ್ನಡ, ಮರಾಠಿ, ಉರ್ದು ಮೂರೂ ಕೇಳುತ್ತವೆ. ಹೊಲದಲ್ಲಿ ಕಬ್ಬು, ತಂಬಾಕು; ನಿಪ್ಪಾಣಿಯ ಕಡೆ ಹೆಂಗಸರ ಕೈಯಲ್ಲಿ ಬೀಡಿ. ಲಿಂಗಾಯತರು, ದಿಗಂಬರ ಜೈನರು, ಮರಾಠರು, ಕುರುಬರು, ಮುಸಲ್ಮಾನರು, ದಲಿತರು ಕೂಡಿ ಬಾಳುವ ಸೀಮೆ. ದೊಡ್ಡ ಜಡ್ಡು ಬಂದರೆ ಕೊಲ್ಲಾಪುರ, ಮಿರಜ ಇಲ್ಲವೆ ಬೆಳಗಾವಿ. ರಾಯಬಾಗ, ಅಥಣಿ, ಕಾಗವಾಡಗಳ ಬದುಕೂ ಹೆಚ್ಚು ಬೇರೆಯಲ್ಲ. ಹಾಗಾಗಿ ಈ ಐದು ತಾಲೂಕುಗಳನ್ನು ಒಟ್ಟಿಗೇ ಹಿಡಿದು ಮಾತಾಡಬಹುದು.

ನನ್ನ ವಾದವನ್ನು ಮೊದಲೇ ಹೇಳಿಬಿಡುತ್ತೇನೆ. ಈ ಸೀಮೆಯ ಹುಡುಗಿಗೆ ಮುಟ್ಟಿನ ಬಗ್ಗೆ ಹೇಳುವವರು ಈಗ ಸಾಕಷ್ಟಿದ್ದಾರೆ. ಆದರೆ ಅವರೆಲ್ಲರ ಮಾತು ರಕ್ತ ಹೋಗುವ ನಾಲ್ಕೈದು ದಿನಗಳಿಗೇ ನಿಂತುಬಿಡುತ್ತದೆ. ಉಳಿದ ಇಪ್ಪತ್ತೈದು ದಿನ ಮೈಯೊಳಗೆ ಏನು ನಡೆಯುತ್ತದೆ, ಅದನ್ನು ತಾನೇ ಗುರುತಿಸುವುದು ಹೇಗೆ, ಅದು ಕೆಟ್ಟಾಗ ಯಾರ ಹತ್ತಿರ ಹೋಗಬೇಕು ಎಂಬ ವಿದ್ಯೆ ಅವಳಿಗೆ ದಕ್ಕಿಲ್ಲ. ಫಲವಂತಿಕೆಯ ಅರಿವು ಎಂದರೆ ಈ ವಿದ್ಯೆಯೇ. ಅದು ಕುಟುಂಬ ಯೋಜನೆಗಿಂತ ಹಿಂದಿನದು, ಅದಕ್ಕಿಂತ ದೊಡ್ಡದು.

ಮನೆಯಿಂದ ಶುರು ಮಾಡೋಣ. ಹುಡುಗಿ ದೊಡ್ಡಾಕಿ ಆದಳೆಂದರೆ ಅನೇಕ ಮನೆಗಳಲ್ಲಿ ಆರತಿ ಎತ್ತುತ್ತಾರೆ, ಹೊಸ ಸೀರೆ ಉಡಿಸುತ್ತಾರೆ, ಉಡಿ ತುಂಬುತ್ತಾರೆ, ಕೊಬ್ಬರಿ ಬೆಲ್ಲ ತಿನ್ನಿಸುತ್ತಾರೆ. ಓಣಿಯ ಹೆಂಗಸರು ಬಂದು ಹಾಡುತ್ತಾರೆ. ಈ ಸಂಭ್ರಮವನ್ನು ನಾನು ಹಗುರಾಗಿ ಕಾಣುವುದಿಲ್ಲ. ಮೈ ಬದಲಾದದ್ದು ನಾಚಿಕೆಯ ಸಂಗತಿಯಲ್ಲ ಎಂದು ನಾಲ್ಕು ಮಂದಿಯ ಮುಂದೆ ಹೇಳುವ ಶಕ್ತಿ ಅದಕ್ಕಿದೆ. ಆದರೆ ಅದೇ ಆರತಿ, ಈ ಮನೆಯಲ್ಲಿ ಕನ್ಯೆ ಇದ್ದಾಳೆ ಎಂದು ಊರಿಗೆ ಸಾರುವ ಡಂಗುರವೂ ಹೌದು. ಮುಂದಿನ ತಿಂಗಳಿನಿಂದ ಕಡೆಗೆ ಕೂರುವುದು, ದೇವರ ಕೋಣೆ ಬಿಡುವುದು, ಬಸದಿ ಗುಡಿಗಳಿಂದ ದೂರ ಉಳಿಯುವುದು ಮೊದಲಾಗುತ್ತದೆ. ಹನ್ನೆರಡನೆಯ ಶತಮಾನದ ಶರಣರು ಜಾತಿ, ಜನನ, ಪ್ರೇತ, ರಜಸ್ಸು, ಎಂಜಲು ಎಂಬ ಐದು ಸೂತಕಗಳನ್ನೂ ಲಿಂಗವಂತರಿಗೆ ಇಲ್ಲವೆಂದರು. ರಜಸ್ಸಿನ ಸೂತಕವನ್ನು ಹೆಸರು ಹಿಡಿದು ತಳ್ಳಿಹಾಕಿದ ಪರಂಪರೆ ನಮ್ಮದು. ಅದನ್ನು ಅಭಿಮಾನದಿಂದ ಹೇಳಿಕೊಳ್ಳುವ ಮನೆಗಳಲ್ಲೇ ಮುಟ್ಟಾದ ಹುಡುಗಿ ಪೂಜೆಗೆ ಬರುವಂತಿಲ್ಲ ಎಂಬ ಕಟ್ಟಳೆ ಇಂದಿಗೂ ನಡೆಯುತ್ತಿರುವುದು ನನಗೆ ನೋವಿನ ಸಂಗತಿ.

ಹಳಬರಿಗೆ ಫಲದ ದಿನಗಳ ಕಲ್ಪನೆಯೇ ಇರಲಿಲ್ಲ ಎಂದಲ್ಲ. ಮುಟ್ಟು ಶುರುವಾದಂದಿನಿಂದ ಹದಿನಾರು ರಾತ್ರಿ ಋತುಕಾಲ ಎಂದು ಮನುಸ್ಮೃತಿ ಲೆಕ್ಕ ಹಾಕುತ್ತದೆ; ಮೊದಲ ನಾಲ್ಕನ್ನು ಬಿಡಬೇಕು ಎನ್ನುತ್ತದೆ. ಇಂದಿನ ವಿಜ್ಞಾನ ಹೇಳುವ ದಿನಗಳು ಬಹಳ ಹೆಂಗಸರಲ್ಲಿ ಈ ಹದಿನಾರರ ಕೊನೆಯ ಭಾಗದಲ್ಲಿ ಬೀಳುತ್ತವೆ. ಆದರೆ ಆ ಲೆಕ್ಕದ ಬೆನ್ನಿಗೇ ಇನ್ನೊಂದು ಲೆಕ್ಕ ಅಂಟಿಕೊಂಡಿತು: ಸಮ ರಾತ್ರಿಗೆ ಗಂಡು, ಬೆಸ ರಾತ್ರಿಗೆ ಹೆಣ್ಣು. ಮೊದಲನೆಯ ಲೆಕ್ಕದಲ್ಲಿ ನೋಡಿ ಕಲಿತ ಅನುಭವದ ತುಣುಕಿತ್ತು, ಎರಡನೆಯದರಲ್ಲಿ ಗಂಡುಮಗುವಿನ ಆಸೆಯೊಂದೇ ಇತ್ತು. ಉಳಿದು ಬಂದದ್ದು ಎರಡನೆಯದು. ಫಲಶೋಭನಕ್ಕೆ ಮುಹೂರ್ತ ನೋಡುವ ಹಿರಿಯರು ಆ ದಿನಗಳ ಮಾತನ್ನು ತಮ್ಮತಮ್ಮಲ್ಲೇ ಆಡಿ ಮುಗಿಸಿದರು. ಯಾರ ಮೈಯ ಲೆಕ್ಕವೋ ಆ ಹುಡುಗಿಯ ಕಿವಿಗೆ ಅದು ಬೀಳಲೇ ಇಲ್ಲ.

ಭಾರತದ ಹದಿಹರೆಯದ ಹುಡುಗಿಯರ ಮೇಲೆ ನಡೆದ 138 ಅಧ್ಯಯನಗಳನ್ನು, 97 ಸಾವಿರಕ್ಕೂ ಹೆಚ್ಚು ಹುಡುಗಿಯರ ಉತ್ತರಗಳನ್ನು ಒಟ್ಟುಗೂಡಿಸಿದ ಒಂದು ವಿಶ್ಲೇಷಣೆ 2016ರಲ್ಲಿ ಪ್ರಕಟವಾಯಿತು. ಮೊದಲ ಮುಟ್ಟಿಗೆ ಮುಂಚೆಯೇ ಅದರ ಬಗ್ಗೆ ತಿಳಿದಿದ್ದವರು 48 ಪ್ರತಿಶತ. ಮುಟ್ಟಿನ ದಿನಗಳಲ್ಲಿ ಶಾಲೆ ತಪ್ಪಿಸುವವರು ಸುಮಾರು ಕಾಲುಭಾಗ. ಅಂದರೆ ಅರ್ಧಕ್ಕಿಂತ ಹೆಚ್ಚು ಹುಡುಗಿಯರಿಗೆ ಮೊದಲ ರಕ್ತ ಕಂಡಾಗ ಅದು ಗಾಯವೋ ರೋಗವೋ ಎಂದು ತಿಳಿಯದೆ ಹೆದರುವ ಪಾಡು. ರಕ್ತದ ವಿಷಯವೇ ಹೀಗಿರುವಾಗ ಅಂಡಾಣು ಬಿಡುಗಡೆಯ ವಿಷಯ ಕೇಳಬೇಕೆ?

ಶಾಲೆ ಏನು ಮಾಡಿದೆ? ಎಂಟನೆಯ ಇಯತ್ತೆಯ ವಿಜ್ಞಾನ ಪುಸ್ತಕದಲ್ಲಿ ಹದಿಹರೆಯದ ಅಧ್ಯಾಯವಿದೆ. ಹತ್ತರಲ್ಲಿ ಸಂತಾನೋತ್ಪತ್ತಿಯ ಅಧ್ಯಾಯವಿದೆ. ಹುಟ್ಟುವ ಮಗು ಗಂಡೋ ಹೆಣ್ಣೋ ಎಂಬುದು ತಂದೆಯ ವರ್ಣತಂತುವಿನಿಂದ ನಿರ್ಧಾರವಾಗುತ್ತದೆ ಎಂದು ಪುಸ್ತಕ ಸ್ಪಷ್ಟವಾಗಿ ಹೇಳುತ್ತದೆ. ಮರಾಠಿ, ಉರ್ದು ಮಾಧ್ಯಮದ ಮಕ್ಕಳಿಗೂ ಇದೇ ಪಾಠ ಅವರವರ ಭಾಷೆಯಲ್ಲಿದೆ. ಬರೆದದ್ದರಲ್ಲಿ ದೋಷವಿಲ್ಲ. ಆದರೆ ಪಾಠದ ಭಾರವೆಲ್ಲ ಅಂಗಗಳ ಹೆಸರಿನ ಮೇಲೆ, ಚಿತ್ರ ಬಿಡಿಸಿ ಭಾಗ ಗುರುತಿಸುವುದರ ಮೇಲೆ. ಹುಡುಗಿ ಅಂಡಾಶಯದ ಚಿತ್ರಕ್ಕೆ ಅಂಕ ಗಳಿಸುತ್ತಾಳೆ. ಹೋದ ಮುಟ್ಟಿನಿಂದ ಈ ಮುಟ್ಟಿಗೆ ಎಷ್ಟು ದಿನ ಎಂದು ಕೇಳಿದರೆ ಲೆಕ್ಕವಿಟ್ಟಿರುವುದಿಲ್ಲ. ಎಷ್ಟೋ ಶಾಲೆಗಳಲ್ಲಿ ‘ಇದನ್ನು ಮನೆಯಲ್ಲಿ ಓದಿಕೊಳ್ಳಿ’ ಎಂದು ಪಾಠ ದಾಟಿಸುವುದೂ ಉಂಟು. ಆ ಶಿಕ್ಷಕರನ್ನು ದೂರುವುದು ನನ್ನ ಉದ್ದೇಶವಲ್ಲ. ಅವರಿಗೂ ಯಾರೂ ಹೇಳಿಕೊಟ್ಟವರಿಲ್ಲ. ಊರಿನವರ ಸಿಟ್ಟಿಗೆ ಗುರಿಯಾದರೆ ಬೆನ್ನಿಗೆ ನಿಲ್ಲುವವರೂ ಇಲ್ಲ.

ಈ ಹೆದರಿಕೆಗೆ ಚರಿತ್ರೆಯಿದೆ. 2005ರ ಸುಮಾರಿಗೆ ಕೇಂದ್ರ ಸರ್ಕಾರ ಹದಿಹರೆಯದ ಶಿಕ್ಷಣ ಕಾರ್ಯಕ್ರಮವನ್ನು ಶಾಲೆಗಳಿಗೆ ತಂದಿತು. 2007ರಲ್ಲಿ ಅದರ ಚಿತ್ರಗಳು, ಮಾತುಗಳು ನಮ್ಮ ಸಂಸ್ಕೃತಿಗೆ ಒಗ್ಗುವುದಿಲ್ಲವೆಂದು ಗದ್ದಲವೆದ್ದಿತು. ಅದನ್ನು ತಡೆಹಿಡಿದ ರಾಜ್ಯಗಳಲ್ಲಿ ಕರ್ನಾಟಕವೂ ಇತ್ತು, ಮಹಾರಾಷ್ಟ್ರವೂ ಇತ್ತು. ಹೀಗೆ ಬೋರಗಾಂವದ ಹುಡುಗಿಗೆ ಗಡಿಯ ಈಚೆಗೂ ಆಚೆಗೂ ಬಾಗಿಲು ಒಟ್ಟಿಗೇ ಮುಚ್ಚಿತು. 2025ರಲ್ಲಿ ಕರ್ನಾಟಕದ ಶಿಕ್ಷಣ ಸಚಿವರು ಎಂಟರಿಂದ ಹನ್ನೆರಡನೆಯ ತರಗತಿಯವರೆಗೆ ಲೈಂಗಿಕ ಶಿಕ್ಷಣ ಕೊಡುವ ಮಾತಾಡಿದರು. ನಡುವೆ ಹದಿನೆಂಟು ವರ್ಷ. 2007ರಲ್ಲಿ ಹುಟ್ಟಿದ ಮಗು ಮದುವೆಯ ವಯಸ್ಸಿಗೆ ಬಂದು ನಿಲ್ಲುವಷ್ಟು ಕಾಲ.

ಆರೋಗ್ಯ ಇಲಾಖೆ ಸುಮ್ಮನಿರಲಿಲ್ಲ. ‘ಶುಚಿ’ ಯೋಜನೆ 2013-14ರಲ್ಲಿ ಬಂದು ಶಾಲಾ ಹುಡುಗಿಯರಿಗೆ ಪುಕ್ಕಟೆ ಪ್ಯಾಡು ಕೊಟ್ಟಿತು. ಕೋವಿಡ್ ಹೊತ್ತಿಗೆ ನಿಂತು, 2024ರ ಹೊತ್ತಿಗೆ ಮತ್ತೆ ಶುರುವಾಯಿತು. ವಾರಕ್ಕೊಂದು ನೀಲಿ ಬಣ್ಣದ ಕಬ್ಬಿಣ-ಫೋಲಿಕ್ ಮಾತ್ರೆ ಇದೆ. 2014ರಲ್ಲಿ ಆರಂಭವಾದ ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮದಡಿ ನಮ್ಮ ರಾಜ್ಯದಲ್ಲಿ ‘ಸ್ನೇಹ ಕ್ಲಿನಿಕ್’ಗಳಿವೆ. ಇವುಗಳ ಫಲ ಅಂಕಿಗಳಲ್ಲಿ ಕಾಣುತ್ತದೆ. 15ರಿಂದ 24 ವಯಸ್ಸಿನವರಲ್ಲಿ ಮುಟ್ಟಿಗೆ ಶುಚಿಯಾದ ಸಾಧನ ಬಳಸುವವರು ಕರ್ನಾಟಕದಲ್ಲಿ 70 ಪ್ರತಿಶತದಿಂದ 84 ಪ್ರತಿಶತಕ್ಕೆ ಏರಿದ್ದಾರೆ ಎಂದು 2019-21ರ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತದೆ. ಒಳ್ಳೆಯ ಮಾತು. ಆದರೆ ಅದೇ ಸಮೀಕ್ಷೆಯ ಪ್ರಕಾರ 15-19ರ ಹುಡುಗಿಯರಲ್ಲಿ ಹತ್ತಿರಹತ್ತಿರ ಅರ್ಧದಷ್ಟು ಮಂದಿಗೆ ರಕ್ತಹೀನತೆ ಇದೆ. 20-24ರ ಹೆಂಗಸರಲ್ಲಿ 21.3 ಪ್ರತಿಶತದವರ ಮದುವೆ ಹದಿನೆಂಟಕ್ಕೆ ಮುಂಚೆಯೇ ಆಗಿತ್ತು, ಮತ್ತು ನಾಲ್ಕನೆಯ ಸಮೀಕ್ಷೆಗೂ ಇದಕ್ಕೂ ಆ ಅಂಕಿ ಅಲ್ಲಾಡಿಲ್ಲವೆಂದೇ ಹೇಳಬೇಕು. ಪ್ಯಾಡು ಹಂಚುವುದು ಎಣಿಸಬಹುದಾದ ಕೆಲಸ. ಎಷ್ಟು ಕಟ್ಟು ಹೋಯಿತೆಂದು ವರದಿ ಬರೆಯಬಹುದು. ಹುಡುಗಿಯೊಬ್ಬಳ ತಲೆಯಲ್ಲಿ ಎಷ್ಟು ತಿಳಿವಳಿಕೆ ಇಳಿಯಿತೆಂದು ಬರೆಯಲು ರಜಿಸ್ಟರಿನಲ್ಲಿ ಕಾಲಂ ಇಲ್ಲ. ಯೋಜನೆಗಳು ಎಣಿಸಬಹುದಾದ ಕಡೆಗೇ ವಾಲಿದ್ದು ಹೀಗೆ.

ಇನ್ನು ಆ ತಿಳಿವಳಿಕೆ ಏನು ಎಂಬುದು. 1920ರ ದಶಕದಲ್ಲಿ ಜಪಾನಿನ ಕ್ಯೂಸಾಕು ಒಗಿನೊ ಮತ್ತು ಆಸ್ಟ್ರಿಯಾದ ಹರ್ಮನ್ ಕ್ನಾಸ್ ಎಂಬ ವೈದ್ಯರು ಬೇರೆಬೇರೆಯಾಗಿ ಒಂದೇ ಸಂಗತಿ ಕಂಡುಕೊಂಡರು. ಅಂಡಾಣು ಹೊರಬರುವುದು ಹೋದ ಮುಟ್ಟಿನಿಂದ ಎಣಿಸಿದ ದಿನಕ್ಕಲ್ಲ. ಬರುವ ಮುಟ್ಟಿಗೆ ಸುಮಾರು ಎರಡು ವಾರ ಮುಂಚೆ. ಹೊರಬಂದ ಅಂಡಾಣುವಿನ ಆಯುಷ್ಯ ಒಂದು ದಿನ. ವೀರ್ಯಾಣು ಹೆಣ್ಣಿನ ಮೈಯಲ್ಲಿ ಐದು ದಿನದವರೆಗೆ ಬದುಕೀತು. ಅಮೆರಿಕದ ಉತ್ತರ ಕೆರೊಲಿನಾದಲ್ಲಿ 221 ಹೆಂಗಸರನ್ನು ದಿನದಿನವೂ ಗಮನಿಸಿದ ಅಲೆನ್ ವಿಲ್ಕಾಕ್ಸ್ ಮತ್ತು ಸಂಗಡಿಗರು 1995ರಲ್ಲಿ ತೋರಿಸಿದ್ದು ಇದನ್ನೇ: ಬಸಿರು ನಿಂತದ್ದೆಲ್ಲ ಅಂಡಾಣು ಬಿಡುಗಡೆಯ ದಿನ ಮತ್ತು ಅದರ ಹಿಂದಿನ ಐದು ದಿನ, ಒಟ್ಟು ಆರು ದಿನಗಳ ಕೂಡುವಿಕೆಯಿಂದ. ಆದರೆ ಆ ಆರು ದಿನ ಎಲ್ಲರಿಗೂ ಒಂದೇ ತಾರೀಖಿಗೆ ಬರುವುದಿಲ್ಲ. ಇಡೀ ಆರು ದಿನಗಳು 10ರಿಂದ 17ನೆಯ ದಿನದೊಳಗೆ ಬಿದ್ದದ್ದು ಕೇವಲ 30 ಪ್ರತಿಶತದಷ್ಟು ಹೆಂಗಸರಲ್ಲಿ ಎಂದು ಅವರೇ 2000ದಲ್ಲಿ ಹೇಳಿದರು. ಮೆಲ್ಬರ್ನಿನ ಬಿಲ್ಲಿಂಗ್ಸ್ ದಂಪತಿಗಳು ತಾರೀಖು ಬಿಟ್ಟು ಮೈಯನ್ನೇ ನೋಡಿ ಎಂದರು. ಅಂಡಾಣು ಹೊರಬರುವ ದಿನಗಳಲ್ಲಿ ಯೋನಿಯ ಬಿಳಿಸ್ರಾವ ತೆಳುವಾಗಿ, ಜಾರುವಂತೆ, ಮೊಟ್ಟೆಯ ಲೋಳೆಯಂತೆ ಎಳೆಯಾಗಿ ಬರುತ್ತದೆ. ಅದು ರೋಗವಲ್ಲ.

ಈ ಕೊನೆಯ ಮಾತಿನ ಬೆಲೆ ನಮ್ಮ ಸೀಮೆಯವರಿಗೆ ಹೆಚ್ಚು ತಿಳಿಯಬೇಕು. ಬಿಳಿ ಹೋಗುತ್ತದೆ, ಅದರಿಂದಲೇ ಸೊರಗುತ್ತಿದ್ದೇನೆ ಎಂದು ಕೊರಗುವ ಹುಡುಗಿಯರು ಎಷ್ಟೊಂದು! ಅದಕ್ಕೆ ಕಷಾಯ, ತಾಯಿತ, ಬೇಡದ ಇಂಜೆಕ್ಷನ್. ತಿಂಗಳ ನಡುವೆ ಬರುವ ತಿಳಿಯಾದ ಸ್ರಾವ ಯಾವುದು, ನಾತ ಬರುವ, ತುರಿಸುವ, ಬಣ್ಣಗೆಟ್ಟ ಸ್ರಾವ ಯಾವುದು ಎಂದು ಬೇರ್ಪಡಿಸಲು ಬಂದರೆ ಅರ್ಧ ಭಯ ಅಲ್ಲೇ ಕರಗುತ್ತದೆ. ನಿಜವಾದ ಸೋಂಕಿಗೆ ಹೊತ್ತಿಗೆ ಸರಿಯಾಗಿ ಮದ್ದೂ ಸಿಗುತ್ತದೆ.

ಇಲ್ಲಿಯೇ ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕು. ಮುಟ್ಟು ಶುರುವಾದ ಮೊದಲ ಕೆಲವು ವರ್ಷ ಚಕ್ರ ನೆಟ್ಟಗಿರುವುದಿಲ್ಲ. ಎಷ್ಟೋ ತಿಂಗಳು ಅಂಡಾಣು ಹೊರಬರುವುದೇ ಇಲ್ಲ. 21 ದಿನಕ್ಕೆ ಬರಬಹುದು, 45 ದಿನಕ್ಕೆ ಬರಬಹುದು. ಎರಡೂ ಆ ವಯಸ್ಸಿಗೆ ಸಹಜ. ಆದ್ದರಿಂದ ಹದಿನಾಲ್ಕರ ಹುಡುಗಿಗೆ ‘ಇಂತಿಂಥ ದಿನ ಸುರಕ್ಷಿತ’ ಎಂದು ಕಲಿಸುವುದು ದೊಡ್ಡ ತಪ್ಪು. ಜಾರ್ಜ್‌ಟೌನ್ ವಿಶ್ವವಿದ್ಯಾಲಯದವರು ರೂಪಿಸಿದ ಮಣಿಸರದ ವಿಧಾನ, 8ರಿಂದ 19ನೆಯ ದಿನದವರೆಗೆ ದೂರವಿರುವ ವಿಧಾನ, 26ರಿಂದ 32 ದಿನಗಳ ನಿಯಮಿತ ಚಕ್ರ ಇರುವವರಿಗೆ ಮಾತ್ರ. ಅವರಲ್ಲೂ ದಿನಬಳಕೆಯಲ್ಲಿ ವರ್ಷಕ್ಕೆ ನೂರಕ್ಕೆ ಹನ್ನೆರಡು ಮಂದಿ ಬಸಿರಾಗುತ್ತಾರೆ. ಹುಡುಗಿಯರಿಗೆ ಚಕ್ರದ ಅರಿವು ಬೇಕಾದದ್ದು ದಿನ ತಪ್ಪಿಸಲಿಕ್ಕಲ್ಲ, ಆರೋಗ್ಯ ಅಳೆಯಲಿಕ್ಕೆ. ನಾಡಿ, ಉಸಿರು, ಜ್ವರ ನೋಡಿದಂತೆಯೇ ಹದಿಹರೆಯದವರ ಮುಟ್ಟಿನ ಚಕ್ರವನ್ನೂ ಆರೋಗ್ಯದ ಗುರುತಾಗಿ ನೋಡಬೇಕೆಂದು ಅಮೆರಿಕದ ಸ್ತ್ರೀರೋಗ ಮತ್ತು ಮಕ್ಕಳ ತಜ್ಞರ ಸಂಘಗಳು 2006ರಲ್ಲೇ ಹೇಳಿವೆ. ಹದಿನೈದಾದರೂ ಮುಟ್ಟಾಗದಿದ್ದರೆ, ಮೂರು ತಿಂಗಳು ಮುಟ್ಟು ನಿಂತರೆ, ಏಳು ದಿನ ದಾಟಿ ರಕ್ತ ಹೋದರೆ, ನೋವಿಗೆ ಶಾಲೆ ತಪ್ಪಿಸುವಂತಾದರೆ ತೋರಿಸಬೇಕು. ಥೈರಾಯ್ಡ್, ಅಂಡಾಶಯದ ತೊಂದರೆ, ಎಂಡೊಮೆಟ್ರಿಯೋಸಿಸ್, ರಕ್ತ ಹೆಪ್ಪುಗಟ್ಟದ ಕಾಯಿಲೆ, ಗರ್ಭನಾಳಕ್ಕೆ ಹತ್ತಿದ ಕ್ಷಯ, ಇವೆಲ್ಲ ಮೊದಲು ಸುಳಿವು ಕೊಡುವುದು ಮುಟ್ಟಿನಲ್ಲೇ. ಹತ್ತು ವರ್ಷದ ನಂತರ ಮಿರಜ, ಕೊಲ್ಲಾಪುರ, ಬೆಳಗಾವಿಗಳ ಟೆಸ್ಟ್ ಟ್ಯೂಬ್ ಬೇಬಿ ಆಸ್ಪತ್ರೆಗಳಿಗೆ ಹೊಲ ಅಡವಿಟ್ಟು ಹೋಗುವ ಹೆಂಗಸರಲ್ಲಿ ಕೆಲವರ ಕಥೆಯಾದರೂ ಹದಿನಾರನೆಯ ವಯಸ್ಸಿನಲ್ಲಿ ಯಾರೂ ಕೇಳದ ಒಂದು ಪ್ರಶ್ನೆಯಿಂದ ಶುರುವಾಗಿರುತ್ತದೆ.

ಈ ವಿದ್ಯೆಯನ್ನು ಜನರಿಗೆ ಮುಟ್ಟಿಸುವ ಪ್ರಯತ್ನದಲ್ಲಿ ನಮ್ಮ ನಾಡು ಎಲ್ಲರಿಗಿಂತ ಮುಂದಿತ್ತು. 1930ರಲ್ಲಿ ಮೈಸೂರು ಸಂಸ್ಥಾನ ಸರ್ಕಾರಿ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣ ಕ್ಲಿನಿಕ್ ತೆರೆಯಲು ಆಜ್ಞೆ ಹೊರಡಿಸಿತು. ಸರ್ಕಾರವೊಂದು ಹೀಗೆ ಮಾಡಿದ್ದು ಜಗತ್ತಿನಲ್ಲೇ ಮೊದಲು. 1951ರಲ್ಲಿ ಕೇಂದ್ರ ಆರೋಗ್ಯ ಸಚಿವೆ ರಾಜಕುಮಾರಿ ಅಮೃತ್ ಕೌರ್ ಕೋರಿಕೆಯ ಮೇರೆಗೆ ವಿಶ್ವ ಆರೋಗ್ಯ ಸಂಸ್ಥೆ ಡಾ. ಅಬ್ರಹಾಂ ಸ್ಟೋನ್ ಅವರನ್ನು ಕಳಿಸಿತು. ಗಾಂಧಿ ಅನುಯಾಯಿಯಾದ ಸಚಿವೆಗೆ ಸಾಧನಗಳು ಒಪ್ಪಿಗೆಯಿರಲಿಲ್ಲ. ದಿನ ಎಣಿಸುವ ವಿಧಾನ ಒಪ್ಪಿತವಾಯಿತು. ಪ್ರಯೋಗಕ್ಕೆ ಆರಿಸಿದ ಎರಡು ಜಾಗಗಳಲ್ಲಿ ಒಂದು ದಿಲ್ಲಿಯ ಲೋದಿ ಕಾಲೊನಿ, ಇನ್ನೊಂದು ನಮ್ಮ ರಾಮನಗರ. ಹೆಂಗಸರಿಗೆ ಬಣ್ಣಬಣ್ಣದ ಮಣಿಗಳ ಸರ ಕೊಟ್ಟರು. ದಿನಕ್ಕೊಂದು ಮಣಿ ಸರಿಸಬೇಕು. ಹಸಿರು ಬಂದರೆ ಭಯವಿಲ್ಲ, ಕೆಂಪು ಬಂದರೆ ಗಂಡನಿಂದ ದೂರ. ಸರ ಕೊರಳಲ್ಲಿದ್ದರೇ ಸಾಕು, ಬಸಿರು ನಿಲ್ಲುವುದಿಲ್ಲ ಎಂದುಕೊಂಡವರಿದ್ದರಂತೆ. ಮಣಿ ಸರಿಸಲು ಮರೆತವರಂತೂ ಬಹಳ. ಪ್ರಯೋಗ ಕೈಕೊಟ್ಟಿತು, ಹಳ್ಳಿಯವರಿಗೆ ಇದು ಆಗದ ಕೆಲಸ ಎಂಬ ತೀರ್ಮಾನ ಹೊರಬಿತ್ತು.

ರಾಮನಗರದ ಸೋಲನ್ನು ನಾನು ಬೇರೆ ರೀತಿ ಓದುತ್ತೇನೆ. ಆ ಹೆಂಗಸರಿಗೆ ಸರ ಸಿಕ್ಕಿತು, ಸರದ ಹಿಂದಿನ ಕಾರಣ ಸಿಗಲಿಲ್ಲ. ಮಣಿ ಯಾಕೆ ಕೆಂಪು ಎಂದು ತಿಳಿಯದವಳಿಗೆ ಅದು ತಾಯಿತವಾಗದೆ ಇನ್ನೇನಾದೀತು? ಗಂಡ ಕೇಳದಿದ್ದರೆ ಕೆಂಪು ಮಣಿಯ ದಿನ ಬೇಡವೆನ್ನುವ ಹಕ್ಕು ಅವಳಿಗೆ ಎಲ್ಲಿತ್ತು? ಎಳೆಯ ವಯಸ್ಸಿನಲ್ಲಿ ಕಲಿಯಬೇಕಾದ್ದನ್ನು ನಾಲ್ಕು ಮಕ್ಕಳ ತಾಯಿಗೆ, ಜನಸಂಖ್ಯೆ ಇಳಿಸುವ ಗುರಿಯಿಂದ ಕಲಿಸಹೊರಟರು. ಅದಾದ ಮೇಲೆ ಸರ್ಕಾರಗಳು ಆ ದಾರಿಯನ್ನೇ ಬಿಟ್ಟು ಶಸ್ತ್ರಚಿಕಿತ್ಸೆಯ ಶಿಬಿರಗಳತ್ತ ಹೊರಳಿದವು.

ಗಡಿಯ ಆಚೆ ಮುಂಬಯಿಯಲ್ಲಿ ರ. ಧೋಂ. ಕರ್ವೆ 1921ರಲ್ಲೇ ಸಂತಾನ ನಿಯಂತ್ರಣ ಕ್ಲಿನಿಕ್ ತೆರೆದು, 1927ರಿಂದ 1953ರವರೆಗೆ ‘ಸಮಾಜಸ್ವಾಸ್ಥ್ಯ’ ಮಾಸಿಕ ನಡೆಸಿದರು. ಅಶ್ಲೀಲತೆಯ ಮೊಕದ್ದಮೆಗಳನ್ನು ಎದುರಿಸಿದರು. ಕನ್ನಡದಲ್ಲಿ ಈ ಕೆಲಸವನ್ನು ತಾಯಿಯ ದನಿಯಲ್ಲಿ ಮಾಡಿದವರು ಡಾ. ಅನುಪಮಾ ನಿರಂಜನ. ಧಾರವಾಡದಲ್ಲೂ ವೈದ್ಯವೃತ್ತಿ ನಡೆಸಿದ ಅವರು ‘ತಾಯಿ ಮಗು’, ‘ದಾಂಪತ್ಯ ದೀಪಿಕೆ’ಗಳ ಜೊತೆಗೆ ಹದಿಹರೆಯದ ಹುಡುಗಿಯರಿಗೆಂದೇ ‘ಕೇಳು ಕಿಶೋರಿ’ ಬರೆದರು. ಒಂದು ಪುಸ್ತಕ ಕಪಾಟಿನಲ್ಲಿದ್ದರೂ ಸಾಕಿತ್ತು. ಎಷ್ಟು ಪ್ರೌಢಶಾಲೆಗಳ ಗ್ರಂಥಾಲಯದಲ್ಲಿ ಅದನ್ನು ಹುಡುಗಿಯರ ಕೈಗೆ ಸಿಗುವಂತೆ ಇಟ್ಟಿದ್ದಾರು?

ತಿಳಿವಳಿಕೆ ಇಲ್ಲದ್ದರ ಬೆಲೆಯನ್ನು ಈ ಸೀಮೆ ಬೇರೆಬೇರೆ ರೂಪದಲ್ಲಿ ತೆತ್ತಿದೆ. 2017ರ ಮಾರ್ಚಿನಲ್ಲಿ ಕಾಗವಾಡಕ್ಕೆ ತಾಗಿಕೊಂಡೇ ಇರುವ ಸಾಂಗ್ಲಿ ಜಿಲ್ಲೆಯ ಮ್ಹೈಸಾಳದಲ್ಲಿ ಹಳ್ಳದ ದಂಡೆಯ ಮಣ್ಣು ಅಗೆದಾಗ 19 ಭ್ರೂಣಗಳು ಸಿಕ್ಕವು. 2022ರ ಜೂನಿನಲ್ಲಿ ಬೆಳಗಾವಿ ಜಿಲ್ಲೆಯದೇ ಮೂಡಲಗಿಯಲ್ಲಿ ಏಳು ಭ್ರೂಣಗಳು ಬಾಟಲಿಗಳಲ್ಲಿ ತೇಲಿಬಂದವು. ಹೆಣ್ಣು ಹಡೆದಳೆಂದು ಸೊಸೆಯನ್ನು ಬೈಯುವ ಮನೆಗೆ ಹತ್ತನೆಯ ಇಯತ್ತೆಯ ವಿಜ್ಞಾನ ಪುಸ್ತಕ ಬಂದುಹೋಗಿದೆ. ವರ್ಣತಂತುವಿನ ಪಾಠ ಓದಿ ಪಾಸಾದ ಹುಡುಗನೇ ಮುಂದೆ ಗಂಡನಾಗಿ ಭ್ರೂಣಲಿಂಗ ತಪಾಸಣೆಗೆ ಕರೆದೊಯ್ಯುತ್ತಾನೆ. ಆಸೆ ಬೇರು ಬಿಟ್ಟ ಕಡೆ ಬರೀ ತಿಳಿವಳಿಕೆ ಸಾಲದು, ಒಪ್ಪುತ್ತೇನೆ. ಆದರೆ ಹೆಣ್ಣಿನ ಮೇಲೆ ಹೊರಿಸುವ ತಪ್ಪನ್ನು ಇಳಿಸಲು ಅದರಷ್ಟು ಗಟ್ಟಿಯಾದ ಆಯುಧ ಬೇರೊಂದಿಲ್ಲ. ಮಕ್ಕಳಾಗದ ಮನೆಯಲ್ಲೂ ಇದೇ ಕಥೆ: ಗಂಡಿನ ಕಾರಣವೂ ಸೇರಿರುವ ಪ್ರಕರಣಗಳು ಅರ್ಧದ ಆಸುಪಾಸು ಇದ್ದರೂ ಗುಡಿ ಸುತ್ತುವವಳು, ಉಪವಾಸ ಮಾಡುವವಳು, ಸವತಿ ಬಂದಾಳೆಂದು ಅಂಜುವವಳು ಹೆಣ್ಣೊಬ್ಬಳೇ.

ಕಬ್ಬಿನ ಹಂಗಾಮಿನಲ್ಲಿ ಮರಾಠವಾಡದಿಂದ ಕಬ್ಬು ಕಡಿಯುವವರ ಟೋಳಿಗಳು ಇಳಿಯುತ್ತವೆ. ಉಗಾರ, ಚಿಕ್ಕೋಡಿ, ನಿಪ್ಪಾಣಿಗಳ ಸಕ್ಕರೆ ಕಾರ್ಖಾನೆಗಳಿಗೆ ಕಬ್ಬು ಕಡಿಯುವ ಹೆಂಗಸರಲ್ಲಿ ಬೀಡ ಜಿಲ್ಲೆಯವರು ಬಹಳ. 2019ರಲ್ಲಿ ಮಹಾರಾಷ್ಟ್ರ ಸರ್ಕಾರದ ಸಮಿತಿ ಬೀಡಿನ 82 ಸಾವಿರಕ್ಕೂ ಹೆಚ್ಚು ಕಬ್ಬು ಕಡಿಯುವ ಹೆಂಗಸರನ್ನು ವಿಚಾರಿಸಿದಾಗ 13 ಸಾವಿರಕ್ಕೂ ಹೆಚ್ಚು ಮಂದಿ ಗರ್ಭಕೋಶ ತೆಗೆಸಿಕೊಂಡದ್ದು ಗೊತ್ತಾಯಿತು. ಮುಟ್ಟಿನ ದಿನ ಕೂಲಿ ತಪ್ಪುತ್ತದೆ, ಬಿಳಿ ಹೋಗುತ್ತದೆ, ಬಿಟ್ಟರೆ ಕ್ಯಾನ್ಸರ್ ಆಗುತ್ತದೆ ಎಂದು ಹೆದರಿಸಿದವರಿದ್ದರು. ನಮ್ಮ ಕಲಬುರಗಿಯ ತಾಂಡಾಗಳ ಹೆಂಗಸರೂ ಇಂಥದೇ ಅನ್ಯಾಯಕ್ಕೆ ನ್ಯಾಯ ಕೇಳುತ್ತ ವರ್ಷಗಟ್ಟಲೆ ಬೀದಿಯಲ್ಲಿ ನಿಂತರು. ಸಹಜ ಸ್ರಾವ ಯಾವುದೆಂದು ಹದಿನೈದರಲ್ಲಿ ತಿಳಿದಿದ್ದವಳನ್ನು ಮೂವತ್ತರಲ್ಲಿ ಹಾಗೆ ಹೆದರಿಸುವುದು ಸುಲಭವಲ್ಲ. ಟೋಳಿಯ ಜೊತೆ ಬರುವ ಹುಡುಗಿಯರು ಯಾವ ಊರಿನ ಶಾಲೆಗೂ ಸೇರದೆ ಆರು ತಿಂಗಳು ಹೊಲದ ಗುಡಿಸಲಲ್ಲಿ ಕಳೆಯುತ್ತಾರೆ. ಈ ಲೇಖನದ ‘ಶಾಲಾ ಹುಡುಗಿ’ ಎಂಬ ಮಾತಿನೊಳಗೇ ಅವರು ಬರುವುದಿಲ್ಲ. ಅದು ನನ್ನನ್ನು ಬಾಧಿಸುತ್ತದೆ.

ಮೊದಲ ಮುಟ್ಟನ್ನೇ ಹೊಂಚಿ ಕಾಯುತ್ತಿದ್ದ ಇನ್ನೊಂದು ಪದ್ಧತಿಯನ್ನು ಈ ಸೀಮೆ ಕಂಡಿದೆ. ಸವದತ್ತಿಯ, ಅಥಣಿ ತಾಲೂಕಿನ ಕೊಕಟನೂರಿನ ಎಲ್ಲಮ್ಮನ ಹೆಸರಿನಲ್ಲಿ ದಲಿತ ಹುಡುಗಿಯರಿಗೆ ಎಳವೆಯಲ್ಲೇ ಮುತ್ತು ಕಟ್ಟಿ ದೇವದಾಸಿಯರಾಗಿಸಿ, ಮೈನೆರೆದ ಮೇಲೆ ಉಳ್ಳವರ ಕೈಗೆ ಒಪ್ಪಿಸುತ್ತಿದ್ದರು. 1982ರ ಕಾಯ್ದೆ ಅದನ್ನು ನಿಷೇಧಿಸಿತು. ಹಿಂದಿನ ದೇವದಾಸಿಯರೇ ಸಂಘ ಕಟ್ಟಿ ಹಳ್ಳಿಹಳ್ಳಿ ತಿರುಗಿದ್ದರಿಂದ ಅದು ಬಹುಮಟ್ಟಿಗೆ ನಿಂತಿತು. ಕಾಯ್ದೆಗಿಂತ ಹೆಚ್ಚಾಗಿ ಅದನ್ನು ಅನುಭವಿಸಿದವರ ಮಾತು ಕೆಲಸ ಮಾಡಿತು ಎಂಬುದನ್ನು ಶಿಕ್ಷಣದ ಯೋಜನೆ ಮಾಡುವವರು ಗಮನಿಸಬೇಕು.

ಕಾಯ್ದೆಯ ಇನ್ನೊಂದು ಮುಖವೂ ಇದೆ. 2016ರ ತಿದ್ದುಪಡಿಯಿಂದ ಕರ್ನಾಟಕದಲ್ಲಿ ಬಾಲ್ಯವಿವಾಹ ಮೂಲದಲ್ಲೇ ಅಸಿಂಧು. ಪೋಕ್ಸೊ ಕಾಯ್ದೆಯಡಿ ಹದಿನೆಂಟರೊಳಗಿನ ಹುಡುಗಿ ಬಸಿರಾದರೆ ಆಸ್ಪತ್ರೆ ಪೊಲೀಸರಿಗೆ ತಿಳಿಸಲೇಬೇಕು. ಹುಡುಗಿಯ ರಕ್ಷಣೆಗೆಂದು ಬಂದ ಈ ನಿಯಮಕ್ಕೆ ಹೆದರಿಯೇ ಕುಟುಂಬಗಳು ಅವಳನ್ನು ಆಸ್ಪತ್ರೆಯಿಂದ ದೂರ ಇಡುತ್ತವೆ. ಗರ್ಭಪಾತ ಬಯಸುವ ಅಪ್ರಾಪ್ತೆಯ ಹೆಸರನ್ನು ವೈದ್ಯರು ಬಹಿರಂಗಪಡಿಸಬೇಕಿಲ್ಲ ಎಂದು ಸುಪ್ರೀಂ ಕೋರ್ಟ್ 2022ರ ಸೆಪ್ಟೆಂಬರಿನಲ್ಲಿ ಹೇಳಿದೆ. ಈ ತೀರ್ಪು ತಾಲೂಕು ಆಸ್ಪತ್ರೆಯ ಬಾಗಿಲವರೆಗೆ ತಲುಪಬೇಕು.

ಪ್ರಯೋಗಗಳು ಏನು ಕಲಿಸಿವೆ? ವಿಜಯಪುರ, ಬಾಗಲಕೋಟೆ ಜಿಲ್ಲೆಗಳ 80 ಹಳ್ಳಿಗಳಲ್ಲಿ ಪರಿಶಿಷ್ಟ ಜಾತಿ, ಪಂಗಡಗಳ ಹುಡುಗಿಯರನ್ನು ಶಾಲೆಯಲ್ಲಿ ಉಳಿಸಲು, ಮದುವೆ ಮುಂದೂಡಲು ‘ಸಮತಾ’ ಎಂಬ ಕಾರ್ಯಕ್ರಮದ ಪ್ರಯೋಗ ನಡೆಯಿತು. ಕರ್ನಾಟಕ ಹೆಲ್ತ್ ಪ್ರಮೋಷನ್ ಟ್ರಸ್ಟ್ ನಡೆಸಿದ ಈ ಕೆಲಸದ ಫಲಿತಾಂಶ 2019ರಲ್ಲಿ ಪ್ರಕಟವಾಯಿತು: ಪ್ರೌಢಶಾಲೆ ಮುಗಿಸಿದವರು ಕಾರ್ಯಕ್ರಮ ನಡೆದ ಹಳ್ಳಿಗಳಲ್ಲೂ ನಡೆಯದ ಹಳ್ಳಿಗಳಲ್ಲೂ ಸುಮಾರು ಮುಕ್ಕಾಲು ಪಾಲು. ವ್ಯತ್ಯಾಸವೇ ಇಲ್ಲವೆನ್ನಬೇಕು. ಇದನ್ನು ಮುಚ್ಚಿಡದೆ ಪ್ರಕಟಿಸಿದವರ ಪ್ರಾಮಾಣಿಕತೆ ದೊಡ್ಡದು. ಎರಡೂ ಕಡೆ ಶಾಲೆ ಬಿಡುವವರ ಸಂಖ್ಯೆ ಆಗಲೇ ಇಳಿಯುತ್ತಿತ್ತು ಎಂಬುದೂ ಅದರಲ್ಲಿ ಕಂಡಿತು. ಚಿಲಿ ದೇಶದ ಸಾಂತಿಯಾಗೊದ ಒಂದು ಸರ್ಕಾರಿ ಹೆಣ್ಣುಮಕ್ಕಳ ಶಾಲೆಯಲ್ಲಿ ಚಕ್ರವನ್ನು ಗುರುತಿಸುವ ಪಾಠವನ್ನೇ ನಡುವಿಟ್ಟುಕೊಂಡ ಕಾರ್ಯಕ್ರಮ ನಡೆದು, ಕಲಿತವರಲ್ಲಿ ಬಸಿರು ಬಹಳ ಕಡಿಮೆಯಾಯಿತೆಂದು 2005ರ ವರದಿ ಹೇಳಿತು. ಒಂದೇ ಶಾಲೆ, ಸಂಯಮವನ್ನೇ ಬೋಧಿಸುವ ಕಾರ್ಯಕ್ರಮ. ಹಾಗಾಗಿ ಅದನ್ನು ನಾನು ಸುಳಿವಾಗಿ ಮಾತ್ರ ಸ್ವೀಕರಿಸುತ್ತೇನೆ.

ನನಗೆ ಹೆಚ್ಚು ಹತ್ತಿರವೆನಿಸುವುದು ರಾಜಸ್ಥಾನದ್ದು. 1980ರ ದಶಕದ ಕೊನೆಗೆ ಅಲ್ಲಿನ ಎಪ್ಪತ್ತೈದು ಹಳ್ಳಿ ಹೆಂಗಸರು ಕೂಡಿ ‘ಶರೀರ್ ಕಿ ಜಾನ್‌ಕಾರಿ’ ಎಂಬ ಪುಸ್ತಕ ಮಾಡಿದರು. ಬರಿಮೈಯ ಚಿತ್ರ ತಮ್ಮ ಊರಲ್ಲಿ ನಡೆಯುವುದಿಲ್ಲ ಎಂದವರೇ ಅದಕ್ಕೆ ದಾರಿಯನ್ನೂ ಹುಡುಕಿದರು: ಚಿತ್ರದ ಹೆಂಗಸು ಘಾಗ್ರಾ ಉಟ್ಟಿರುತ್ತಾಳೆ, ಕಾಗದದ ಘಾಗ್ರಾ ಎತ್ತಿ ನೋಡಿದರೆ ಒಳಗಿನ ಅಂಗಗಳು ಕಾಣುತ್ತವೆ. 2007ರ ಗದ್ದಲಕ್ಕೆ ಇದಕ್ಕಿಂತ ಒಳ್ಳೆಯ ಉತ್ತರ ನನಗೆ ಗೊತ್ತಿಲ್ಲ. ಮೇಲಿನಿಂದ ಬಂದ ಚಿತ್ರಕ್ಕೆ ಸಿಟ್ಟಾಗುವ ಊರು, ತನ್ನವರೇ ಬರೆದದ್ದನ್ನು ಮಡಿಲಲ್ಲಿಟ್ಟುಕೊಂಡೀತು. ನಮ್ಮಲ್ಲೂ 1989ರಿಂದ ಮಹಿಳಾ ಸಮಖ್ಯಾ ಎಂಬ ಕಾರ್ಯಕ್ರಮ ವಿಜಯಪುರ, ಬೀದರಗಳ ಹಳ್ಳಿ ಸಂಘಗಳಲ್ಲಿ ಇಂಥ ಮಾತುಕತೆಗೆ ಜಾಗ ಮಾಡಿತ್ತು.

ಬೆಳಗಾವಿ ಜಿಲ್ಲೆಯಂತೂ ಹೆರಿಗೆಯ ಸಂಶೋಧನೆಯಲ್ಲಿ ಜಗತ್ತಿಗೆ ಗೊತ್ತಿರುವ ಹೆಸರು. ಹಳ್ಳಿಯ ಹೆರಿಗೆಗಳಲ್ಲಿ ಶುಶ್ರೂಷಕಿಯರು ಮಿಸೊಪ್ರೊಸ್ಟಾಲ್ ಮಾತ್ರೆ ಕೊಟ್ಟು, ಬಾಣಂತಿಯರ ರಕ್ತಸ್ರಾವವನ್ನು 12 ಪ್ರತಿಶತದಿಂದ 6.4ಕ್ಕೆ ಇಳಿಸಿದ ಅಧ್ಯಯನ 2006ರಲ್ಲಿ ಇಲ್ಲಿಂದಲೇ ಹೊರಟಿತು. ಜವಾಹರಲಾಲ ನೆಹರೂ ವೈದ್ಯಕೀಯ ಕಾಲೇಜಿನವರು ಅದರಲ್ಲಿದ್ದರು. ನಂತರದ ‘ವಿಮೆನ್ ಫಸ್ಟ್’ ಎಂಬ ನಾಲ್ಕು ದೇಶಗಳ ಅಧ್ಯಯನದಲ್ಲೂ ಬೆಳಗಾವಿ ಇತ್ತು. ಬಸಿರಾಗುವ ಮೂರು ತಿಂಗಳು ಮೊದಲೇ ಪೌಷ್ಟಿಕ ಆಹಾರ ಶುರು ಮಾಡಿದರೆ ಹುಟ್ಟುವ ಮಗುವಿನ ಬೆಳವಣಿಗೆ ಹೇಗಿರುತ್ತದೆಂದು ಅದು ನೋಡಿತು. ಹೆರಿಗೆಯ ಕೋಣೆಯಿಂದ ಬಸಿರಿನ ಹಿಂದಿನ ತಿಂಗಳುಗಳವರೆಗೆ ಸಂಶೋಧನೆ ಹಿಂದೆ ಸರಿದಿದೆ. ಇನ್ನೂ ಕೆಲವು ವರ್ಷ ಹಿಂದೆ ಸರಿದರೆ ಶಾಲೆಯ ಬೆಂಚಿನ ಮೇಲೆ ಕೂತ ಹುಡುಗಿ ಸಿಗುತ್ತಾಳೆ.

ಅವಳಿಗೆ ಕೊಡಬೇಕಾದ್ದು ದೊಡ್ಡ ಖರ್ಚಿನದಲ್ಲ. ಆರನೆಯ ಇಯತ್ತೆಯಲ್ಲೇ, ಮೊದಲ ಮುಟ್ಟಿಗೆ ಮುಂಚೆ ಪಾಠ ಶುರುವಾಗಬೇಕು, ಎಂಟಕ್ಕೆ ತಡ. ಪ್ಯಾಡಿನ ಕಟ್ಟಿನ ಜೊತೆ ಕನ್ನಡ, ಮರಾಠಿ, ಉರ್ದುಗಳಲ್ಲಿ ಅಚ್ಚಾದ ಒಂದು ಪುಟದ ಚಕ್ರಪಟ ಇರಲಿ. ಮುಟ್ಟಿನ ದಿನ, ನೋವು, ಸ್ರಾವದ ಬಗೆಯನ್ನು ಹುಡುಗಿ ತಾನೇ ಗುರುತು ಮಾಡಲಿ. ಅದು ಅವಳ ಹತ್ತಿರವೇ ಇರಲಿ. ಶಿಕ್ಷಕಿ ನೋಡಬಾರದು, ರಜಿಸ್ಟರಿಗೆ ಏರಿಸಬಾರದು. ಹಾಗೆ ಮಾಡಿದ ದಿನ ಅದು ಹುಡುಗಿಯರ ಮೇಲಿನ ಕಾವಲಾಗುತ್ತದೆ. ಆರು ತಿಂಗಳ ಪಟ ಹಿಡಿದು ಸ್ನೇಹ ಕ್ಲಿನಿಕ್ಕಿಗೆ ಹೋದರೆ ವೈದ್ಯರಿಗೂ ಕೆಲಸ ಸಲೀಸು. ಪಾಠ ಹೇಳಲು ಒಬ್ಬ ಶಿಕ್ಷಕಿಯನ್ನೇ ಹೊಣೆ ಮಾಡದೆ, ಊರಿನ ಆಶಾ ಕಾರ್ಯಕರ್ತೆಯೂ ಉಪಕೇಂದ್ರದ ಶುಶ್ರೂಷಕಿಯೂ ಜೊತೆಗಿರಲಿ. ಮನೆಯ ಮಾತಿನಲ್ಲಿ ಹೇಳಬಲ್ಲವರು ಅವರು. ಹುಡುಗರನ್ನು ಆಟಕ್ಕೆ ಕಳಿಸಿ ಹುಡುಗಿಯರಿಗೆ ಮಾತ್ರ ಹೇಳುವ ರೂಢಿ ಬಿಡಬೇಕು. ತಾಯಂದಿರನ್ನೂ ಕರೆಯಬೇಕು, ಅಜ್ಜಿಯರನ್ನು ಇನ್ನೂ ಮುಖ್ಯವಾಗಿ ಕರೆಯಬೇಕು. ಕಡೆಗೆ ಕೂರಿಸುವ ಅಧಿಕಾರವೂ ಏಳಿಸುವ ಅಧಿಕಾರವೂ ಅವರ ಕೈಯಲ್ಲಿದೆ. ಕಬ್ಬಿನ ಹಂಗಾಮಿನಲ್ಲಿ ಟೋಳಿಗಳ ಗುಡಿಸಲಿಗೆ ಮರಾಠಿ ಬಲ್ಲ ಕಾರ್ಯಕರ್ತೆ ವಾರಕ್ಕೊಮ್ಮೆ ಹೋಗಿಬರುವ ಏರ್ಪಾಡಿನ ಖರ್ಚನ್ನು ಕಾರ್ಖಾನೆಗಳು ಹೊರಬಹುದು. ಅವು ನುರಿಸುವ ಕಬ್ಬನ್ನು ಕಡಿದವರು ಆ ಗುಡಿಸಲುಗಳ ತಾಯಂದಿರೇ.